ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳುವ ಮುನ್ನ ಅದರ ಅಡಿಗೆ ನುಸುಳಿ ನೋಡಿ

ಪ್ರಶ್ನೆ: ಸುಮಾರು ಇಪ್ಪತ್ತು ವರ್ಷ ಹಳೆಯದಾದ ಡೀಸೆಲ್ ಫೋರ್ ವೀಲ್ ಡ್ರೈವ್ ವಾಹನವೊಂದನ್ನು ಕೊಳ್ಳಬೇಕೆಂದಿದ್ದೇನೆ. ಎಂಜಿನ್ ಬಿಚ್ಚಿ ಪೂರ್ತಿ ರಿಪೇರಿ ಮಾಡಿಸಿದೆ, ವಾಹನವನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದೆ, ದೊಡ್ಡ ಅಳತೆಯ ಹೊಸ ಟೈರುಗಳಿವೆ, ಅಡಿಭಾಗಕ್ಕೆಲ್ಲ ಈಚೆಗೆ ಕಪ್ಪು ಲೇಪನ ಬಳಿಸಿದೆ ಎಂದು ಮಾರುವವರು ಹೇಳುತ್ತಿದ್ದಾರೆ. ಕಾರುಗಳನ್ನು ಕೊಂಡು ಅನುಭವವಿದೆ, ಇಂಥ ವಾಹನ ಮಾತ್ರ ಇದೇ ಮೊದಲು. ಏನೇನು ಪರೀಕ್ಷಿಸಬೇಕು, ಯಾವುದಕ್ಕೆ ಹೆಚ್ಚು ಮಹತ್ವ ಕೊಡಬೇಕು?

ಉತ್ತರ: ಮಾರುವವರು ನಿಮಗೆ ಹೇಳಿದ ನಾಲ್ಕು ಸಂಗತಿಗಳಲ್ಲಿ ಒಂದನ್ನು ಮಾತ್ರ, ಅಂದರೆ ಎಂಜಿನ್ ರಿಪೇರಿಯನ್ನು, ಅದೂ ಬಿಡಿಭಾಗಗಳ ಬಿಲ್ಲುಗಳಿದ್ದರೆ, ವಾಹನದ ಪರವಾಗಿ ಲೆಕ್ಕಕ್ಕೆ ಹಿಡಿಯಬಹುದು. ಉಳಿದ ಮೂರು, ಅವು ಗುಣಗಳೆಂದು ರುಜುವಾತಾಗುವವರೆಗೆ, ಇನ್ನಷ್ಟು ಹತ್ತಿರದಿಂದ ನೋಡಬೇಕೆಂಬ ಸೂಚನೆಗಳಷ್ಟೇ. ಕಾರು ಕೊಂಡ ಅಭ್ಯಾಸವಿರುವವರು ಮೊದಲು ಬಾನೆಟ್ ತೆರೆಸಿ, ಎಂಜಿನ್ ಸದ್ದು ಕೇಳಿ, ಓಡೋಮೀಟರಿನ ಅಂಕಿ ನೋಡಿ, ಅನಂತರ ಬಾಗಿಲುಗಳ ಬಣ್ಣ ಪರೀಕ್ಷಿಸುತ್ತಾರೆ. ಕಾಡುದಾರಿಗೆಂದು ಕಟ್ಟಿದ ಹಳೆಯ ವಾಹನದಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಎಂಜಿನ್ನನ್ನು ಇಳಿಸಿ ಬೇರೆಯದನ್ನು ಕೂರಿಸಬಹುದು, ಗೇರ್‌ಬಾಕ್ಸನ್ನೂ ಬದಲಿಸಬಹುದು. ಚಾಸಿ ಕೊಳೆತುಹೋಗಿದ್ದರೆ ಮಾತ್ರ ಇಡೀ ವಾಹನವನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ, ಅದರ ಖರ್ಚು ಬಹಳ ಸಲ ವಾಹನದ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಹಳೆಯ ಬಟ್ಟೆ ಹಾಕಿಕೊಂಡು, ಒಳ್ಳೆಯ ಟಾರ್ಚು, ಒಂದು ಸಣ್ಣ ಸುತ್ತಿಗೆ, ಗಟ್ಟಿ ಸ್ಕ್ರೂಡ್ರೈವರು ಮತ್ತು ಒಂದು ಆಯಸ್ಕಾಂತ ಹಿಡಿದು ಹೋಗಿ.

ಚಾಸಿ ಎಂದರೆ ಉದ್ದಕ್ಕೆ ಎರಡು ದೂಲಗಳು, ಅವನ್ನು ಜೋಡಿಸುವ ಅಡ್ಡಪಟ್ಟಿಗಳು. ಹೆಚ್ಚಿನ ವಾಹನಗಳಲ್ಲಿ ಈ ದೂಲಗಳು ಒಳಗೆ ಟೊಳ್ಳಾಗಿರುತ್ತವೆ. ಕೆಸರು ಸಣ್ಣ ರಂಧ್ರಗಳಿಂದ ಒಳಹೊಕ್ಕು, ನೀರು ಹರಿದುಹೋಗಬೇಕಾದ ತೂತುಗಳನ್ನು ಮುಚ್ಚಿ, ಒಳಗೇ ಉಳಿದು ತೇವ ಹಿಡಿದಿಡುತ್ತದೆ. ಹೀಗಾಗಿ ಚಾಸಿ ಒಳಗಿನಿಂದ ಹೊರಗೆ ತುಕ್ಕು ಹಿಡಿಯುತ್ತದೆ, ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ತಗಡು ಬಹಳಷ್ಟು ತೆಳುವಾಗಿರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ದೂಲದುದ್ದಕ್ಕೂ ಸಾಗಿರಿ: ಗಟ್ಟಿ ಉಕ್ಕು ಸ್ಪಷ್ಟವಾಗಿ ಠಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ ಮತ್ತು ಒಳಗಿನಿಂದ ತುಕ್ಕಿನ ಚೂರುಗಳು ಉದುರುವುದು ಕೇಳಿಸುತ್ತದೆ. ಸದ್ದು ಬದಲಾದ ಜಾಗದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ. ಹಿಂದಿನ ಆಕ್ಸಲಿನ ಮೇಲೆ ಚಾಸಿ ಕಮಾನಿನಂತೆ ಬಾಗುವ ಭಾಗ, ಸ್ಪ್ರಿಂಗಿನ ಹ್ಯಾಂಗರುಗಳು, ಬಾಡಿಯನ್ನು ಬೋಲ್ಟ್ ಮಾಡಿರುವ ಚಾಚುಗಳು, ಇಂಧನ ಟ್ಯಾಂಕಿನ ಮೇಲ್ಭಾಗ, ತೀರ ಹಿಂದಿನ ಅಡ್ಡಪಟ್ಟಿ: ಈ ಐದು ಕಡೆ ವಿಶೇಷ ಗಮನವಿರಲಿ. ಸ್ಟೀರಿಂಗ್ ಬಾಕ್ಸ್ ಬೋಲ್ಟ್ ಆಗಿರುವಲ್ಲಿ ತುಕ್ಕಿಗಿಂತ ಬಿರುಕನ್ನು ಹುಡುಕಬೇಕು, ಏಕೆಂದರೆ ದೊಡ್ಡ ಟೈರುಗಳ ಹೊಡೆತ ಬಂದು ತಾಗುವುದು ಅಲ್ಲಿಗೇ.

ಕಪ್ಪು ಲೇಪನದ ವಿಚಾರ ಇಲ್ಲಿಗೆ ಬರುತ್ತದೆ. ಹೊಸದಾಗಿ, ಒಂದೇ ಸಮನಾಗಿ, ಬೋಲ್ಟಿನ ತಲೆ, ಬ್ರೇಕ್ ಪೈಪು, ರಬ್ಬರ್ ಬುಷ್ ಎನ್ನದೆ ಎಲ್ಲದರ ಮೇಲೂ ದಪ್ಪಗೆ ಬಳಿದ ಲೇಪನ ವಾಹನವನ್ನು ಕಾಪಾಡಲೆಂದು ಹಚ್ಚಿದ್ದಲ್ಲ, ಮಾರಲೆಂದು ಹಚ್ಚಿದ್ದು ಎಂದೇ ನಾನು ಊಹಿಸುತ್ತೇನೆ. ಕಾಳಜಿಯಿಂದ ಮಾಡಿಸಿದವರ ಬಳಿ ಲೇಪನಕ್ಕೆ ಮುಂಚೆ ಉಜ್ಜಿ ಶುಚಿಗೊಳಿಸಿದಾಗ ತೆಗೆದ ಚಿತ್ರಗಳಿರುತ್ತವೆ, ಕೇಳಿ ನೋಡಿ. ಲೇಪನದ ಕೆಳಗೆ ತಗಡಿನ ತೇಪೆ ಹಾಕಿ ವೆಲ್ಡ್ ಮಾಡಿದ್ದರೆ ಅದರ ಅಂಚು ಬೆರಳಿಗೆ ಸಿಗುತ್ತದೆ. ತೇಪೆ ಇದ್ದ ಮಾತ್ರಕ್ಕೆ ವಾಹನ ಬೇಡವೆನ್ನಬೇಕಾಗಿಲ್ಲ. ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಅದೇ ದಪ್ಪದ ಉಕ್ಕನ್ನು ಸುತ್ತಲೂ ವೆಲ್ಡ್ ಮಾಡಿದ್ದರೆ ಅದು ಒಪ್ಪತಕ್ಕ ಕೆಲಸ, ತುಕ್ಕಿನ ಮೇಲೆಯೇ ತಗಡು ಅಂಟಿಸಿದ್ದರೆ ಅಲ್ಲ. ಬಾಡಿಯ ಫೆಂಡರು, ಬಾಗಿಲ ಕೆಳ ಅಂಚುಗಳ ಮೇಲೆ ಆಯಸ್ಕಾಂತ ಓಡಿಸಿದರೆ ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಲ್ಯಾಂಡ್ ರೋವರ್ ಡಿಫೆಂಡರಿನಂಥ ವಾಹನಗಳಲ್ಲಿ ಈ ಉಪಾಯ ನಡೆಯದು, ಅವುಗಳ ಬಾಡಿ ಬಹುಪಾಲು ಅಲ್ಯೂಮಿನಿಯಂ. ಅಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಸೇರುವ ಅಂಚುಗಳಲ್ಲಿ ಬಣ್ಣ ಉಬ್ಬಿ ಕೆಳಗೆ ಬಿಳಿ ಪುಡಿ ಕಾಣುತ್ತದೆಯೇ ಎಂದು ನೋಡಬೇಕು. ವಿಂಡ್‌ಸ್ಕ್ರೀನಿನ ಕೆಳಗಿನ ಉಕ್ಕಿನ ಗೋಡೆಯನ್ನೂ ಬಿಡಬೇಡಿ.

ಅಡಿಭಾಗದಲ್ಲಿ ಕಲ್ಲು ತಾಗಿ ಆದ ಗೀರುಗಳು ಕಂಡರೆ ಗಾಬರಿಯಾಗಬೇಕಿಲ್ಲ. ರಕ್ಷಣಾ ಫಲಕದ ಮೇಲಿನ ಗೀರು ಅದು ತನ್ನ ಕೆಲಸ ಮಾಡಿದ್ದರ ಗುರುತು. ಆಕ್ಸಲ್ ಹೌಸಿಂಗ್ ಬಾಗಿದ್ದರೆ, ಆಕ್ಸಲಿನ ನಡುವೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ, ಅಂದರೆ ಡಿಫರೆನ್ಷಿಯಲಿನ, ಮುಚ್ಚಳ ಜಜ್ಜಿ ಎಣ್ಣೆ ಜಿನುಗುತ್ತಿದ್ದರೆ ವಿಷಯ ಬೇರೆ. ನನ್ನ ದೃಷ್ಟಿಯಲ್ಲಿ ಬಂಡೆಗಳ ಮೇಲೆ ಓಡಿದ ವಾಹನಕ್ಕಿಂತ ಕಡಲತೀರದ ಮರಳಿನಲ್ಲಿ ಓಡಿ ಸರಿಯಾಗಿ ತೊಳೆಸಿಕೊಳ್ಳದ ವಾಹನ ಹೆಚ್ಚು ಅಪಾಯಕಾರಿ, ಏಕೆಂದರೆ ಉಪ್ಪು ಮಾಡುವ ಹಾನಿ ಮೇಲೆ ಗೀರಿನಂತೆ ಕಾಣಿಸಿಕೊಳ್ಳುವುದಿಲ್ಲ.

ಎರಡನೆಯ ದೊಡ್ಡ ಪ್ರಶ್ನೆ, ಈ ವಾಹನ ಎಷ್ಟು ಆಳದ ನೀರಿಗೆ ಇಳಿದಿತ್ತು ಎನ್ನುವುದು. ಇದನ್ನು ಮಾಲೀಕರು ಹೇಳದಿದ್ದರೂ ವಾಹನ ಹೇಳುತ್ತದೆ. ಸೀಟಿನ ಹಳಿಗಳಲ್ಲಿ ಮತ್ತು ಸೀಟ್ ಬೆಲ್ಟಿನ ಬೋಲ್ಟುಗಳಲ್ಲಿ ತುಕ್ಕು, ಹೆಡ್‌ಲೈಟಿನ ಒಳಗೆ ಒಣಗಿದ ಕೆಸರಿನ ಗೆರೆ, ಡ್ಯಾಶ್‌ಬೋರ್ಡಿನ ಕೆಳಗಿನ ವೈರಿಂಗ್ ಕನೆಕ್ಟರುಗಳಲ್ಲಿ ಹಸಿರು ಕಿಲುಬು, ನೆಲದ ಕಾರ್ಪೆಟ್ ಎತ್ತಿದಾಗ ಬರುವ ಮುಗ್ಗಲು ವಾಸನೆ, ಇವೆಲ್ಲ ನೀರು ಒಳಗೆ ನಿಂತಿತ್ತೆಂದು ತೋರಿಸುತ್ತವೆ. ಆಕ್ಸಲು, ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸುಗಳಿಗೆ ಉಸಿರಾಟದ ಸಣ್ಣ ಕೊಳವೆಗಳಿರುತ್ತವೆ. (ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಕಳಿಸುವ ಪೆಟ್ಟಿಗೆ.) ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಕೊಳವೆ ಕಟ್ಟಿಕೊಂಡಿದ್ದರೆ ಅಥವಾ ಕಿತ್ತುಹೋಗಿದ್ದರೆ, ಆಯಿಲ್ ಸೀಲಿನ ಅಂಚಿನಿಂದಲೋ ಆ ತೂತಿನಿಂದಲೋ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಹಾಗಾದಾಗ ಎಣ್ಣೆ ನೀರಿನೊಂದಿಗೆ ಬೆರೆತು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಎರಡೂ ಡಿಫರೆನ್ಷಿಯಲುಗಳ, ಗೇರ್‌ಬಾಕ್ಸಿನ ಮತ್ತು ಟ್ರಾನ್ಸ್‌ಫರ್ ಕೇಸಿನ ಎಣ್ಣೆ ತುಂಬುವ ಪ್ಲಗ್ ಬಿಚ್ಚಿ ಬೆರಳದ್ದಿ ನೋಡಲು ಅನುಮತಿ ಕೇಳಿ. ಯಾವ ಮಾಲೀಕರಿಗೂ ಇದರಿಂದ ನಷ್ಟವಿಲ್ಲ, ಕೊಡದಿದ್ದರೆ ಅದನ್ನೂ ಒಂದು ಉತ್ತರವೆಂದು ತಿಳಿಯಿರಿ. ಗಾಳಿಯ ದಾರಿಯಿಂದ ನೀರು ಎಂಜಿನ್ನಿನೊಳಗೆ ಹೋಗಿದ್ದರಂತೂ, ನೀರು ಒತ್ತಡಕ್ಕೆ ಕುಗ್ಗದ ಕಾರಣ, ಕನೆಕ್ಟಿಂಗ್ ರಾಡ್ ಬಾಗಿರುವ ಸಾಧ್ಯತೆಯಿದೆ. ಅಂಥ ಎಂಜಿನ್ ಕೆಲವು ಕಾಲ ಓಡಲೂಬಹುದು, ಒಂದು ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅಮುಕುವ ಒತ್ತಡ) ಮಾತ್ರ ಉಳಿದವುಗಳಿಗಿಂತ ಕಡಿಮೆ ಬರುತ್ತದೆ. ರಿಪೇರಿಯಾದ ಎಂಜಿನ್ ಎಂದು ಹೆಚ್ಚು ಬೆಲೆ ಕೇಳುತ್ತಿರುವಾಗ ಮೆಕ್ಯಾನಿಕ್ಕಿನಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ನ್ಯಾಯವಾದ ಬೇಡಿಕೆ.

ಎಂಜಿನ್ನಿನ ಪರೀಕ್ಷೆ ತಣ್ಣಗಿರುವಾಗಲೇ ಆರಂಭವಾಗಬೇಕು. ನೀವು ಹೋಗುವ ಮುಂಚೆ ಚಾಲೂ ಮಾಡಬೇಡಿರೆಂದು ಹೇಳಿರಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿರಿ. ಚಾಲೂ ಆದಾಗ ಸ್ವಲ್ಪ ಹೊತ್ತು ಬಿಳಿ ಹೊಗೆ ಬಂದು ನಿಲ್ಲುವುದು ಹಳೆಯ ಡೀಸೆಲಿಗೆ ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ಮುಂದುವರಿದು ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಬರಬೇಕು. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಗಾಳಿ ಸಾಲದೆಯೋ ಇಂಧನ ಹೆಚ್ಚಾಗಿಯೋ ಬರುತ್ತದೆ, ಮೂರರಲ್ಲಿ ಇದು ಸಾಮಾನ್ಯವಾಗಿ ಕಡಿಮೆ ಖರ್ಚಿನದು. ಚಾಲೂ ಆಗಿ ಒಂದೆರಡು ನಿಮಿಷಕ್ಕೇ, ಎಂಜಿನ್ ಬಿಸಿಯಾಗುವ ಮೊದಲೇ, ರೇಡಿಯೇಟರಿನ ಮೇಲಿನ ಹೋಸ್ ಬಿಗಿದುಕೊಂಡರೆ ದಹನದ ಒತ್ತಡ ಕೂಲೆಂಟಿಗೆ ಸೋರುತ್ತಿದೆ ಎಂದರ್ಥ. ರೇಡಿಯೇಟರಿನ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆರೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಹಾಗೇ ಮೇಲಿಟ್ಟರೆ ಅದು ಕುಣಿದು ಬೀಳುವಷ್ಟು ಒತ್ತಡ ಬರಬಾರದು. ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ, ಹಾಗಾದರೆ ಎಂಜಿನ್ನನ್ನು ಪೂರ್ತಿ ರಿಪೇರಿ ಮಾಡಿಸಿದೆ ಎಂಬ ಮಾತು ಎಷ್ಟು ಪೂರ್ತಿ ಎಂದು ಕೇಳಬೇಕಾಗುತ್ತದೆ.

ಕಾರಿನಲ್ಲಿ ಯಾರೂ ನೋಡದ, ಇಲ್ಲಿ ನೋಡಲೇಬೇಕಾದ ಒಂದು ಜಾಗವಿದೆ. ಏರ್ ಫಿಲ್ಟರ್ ದಾಟಿ ಎಂಜಿನ್ನಿನ ಕಡೆ ಹೋಗುವ ಕೊಳವೆಯನ್ನು ಕಳಚಿ ಒಳಗೆ ಬೆರಳಾಡಿಸಿ. ಅಲ್ಲಿ ನುಣುಪಾದ ದೂಳು ಸಿಕ್ಕರೆ ಫಿಲ್ಟರನ್ನು ತಪ್ಪಿಸಿ ದೂಳು ಒಳಹೋಗುತ್ತಿದೆ, ಸಿಲಿಂಡರುಗಳು ಉಜ್ಜಿಹೋಗುತ್ತಿವೆ ಎಂದು ತಿಳಿಯಬೇಕು. ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ, ಅಂದರೆ ಸ್ನಾರ್ಕೆಲ್, ಹಾಕಿಸಿದ್ದರೆ ಅದರ ಒಂದೊಂದು ಕೀಲೂ ಗಾಳಿಬಿಗಿಯಾಗಿದೆಯೇ ನೋಡಿ. ನೋಟಕ್ಕೆಂದು ಸಿಕ್ಕಿಸಿ ಕೀಲುಗಳನ್ನು ಬಿಗಿಮಾಡದೆ ಬಿಟ್ಟ ಸ್ನಾರ್ಕೆಲುಗಳು ಬೇಕಾದಷ್ಟಿವೆ. ರೇಡಿಯೇಟರಿನ ರೆಕ್ಕೆಗಳ ಸಂದುಗಳಲ್ಲಿ ಒಣಗಿದ ಕೆಸರು ತುಂಬಿದ್ದರೆ ಹೆದ್ದಾರಿಯಲ್ಲಿ ಏನೂ ತೋರದ ವಾಹನ ನಿಧಾನವಾಗಿ ಏರು ಹತ್ತುವಾಗ ಕಾದುಹೋಗುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದ್ದೆಂದು ಬರೆದಿಟ್ಟ ದಾಖಲೆ ಬೇಕು. ಇಲ್ಲದಿದ್ದರೆ ಕೊಂಡ ವಾರವೇ ಬದಲಿಸುವುದೆಂದು ಲೆಕ್ಕ ಹಾಕಿಕೊಳ್ಳಿ, ಏಕೆಂದರೆ ಡೀಸೆಲಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಹೊಡೆಯುತ್ತವೆ.

ನಾಲ್ಕೂ ಚಕ್ರಗಳಿಗೆ ಶಕ್ತಿ ಒಯ್ಯುವ ವ್ಯವಸ್ಥೆ ಕಾರಿನ ಅನುಭವ ನೆರವಿಗೆ ಬಾರದ ಭಾಗ. ಮೊದಲು ವಾಹನದಲ್ಲಿ ಯಾವ ಬಗೆಯದಿದೆ ಎಂದು ತಿಳಿಯಿರಿ. ಬೇಕಾದಾಗ ಮಾತ್ರ ಮುಂದಿನ ಆಕ್ಸಲನ್ನು ಸೇರಿಸುವ ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುವುದರಿಂದ, ಒಣಗಿದ ಡಾಂಬರಿನ ಮೇಲೆ ಇದನ್ನು ಹಾಕಿ ಓಡಿಸಿದರೆ ವ್ಯವಸ್ಥೆಯೆಲ್ಲ ತಿರುಚಿಕೊಂಡು ಬಿಗಿಯುತ್ತದೆ. ಮಾಲೀಕರು ಡಾಂಬರಿನ ಮೇಲೆಯೇ ಹಾಕಿ ತೋರಿಸಲು ಹೊರಟರೆ ಅವರು ಇದನ್ನು ಹೇಗೆ ಬಳಸಿರಬಹುದೆಂದು ಊಹಿಸಬಹುದು. ಪರೀಕ್ಷೆಯನ್ನು ಸಡಿಲ ಜಲ್ಲಿ ಅಥವಾ ಹುಲ್ಲುನೆಲದ ಮೇಲೆ ಮಾಡಿ. ಮುಂದಿನ ಚಕ್ರಗಳನ್ನು ಆಕ್ಸಲಿಗೆ ಸೇರಿಸುವ ಹಬ್ಬುಗಳಿದ್ದರೆ ಅವನ್ನು ಲಾಕ್ ಮಾಡಿ, ಫೋರ್ ವೀಲ್ ಹಾಕಿ, ಸ್ಟೀರಿಂಗನ್ನು ಬಹಳಷ್ಟು ತಿರುಗಿಸಿ ನಿಧಾನವಾಗಿ ಒಂದು ಸುತ್ತು ಬನ್ನಿ. ಸ್ಟೀರಿಂಗ್ ಭಾರವಾಗಿ ವಾಹನ ತಡೆದಂತಾಗಬೇಕು. ಟೂ ವೀಲಿನಲ್ಲಿದ್ದಷ್ಟೇ ಹಗುರವಾಗಿ ತಿರುಗಿದರೆ ಮುಂದಿನ ಆಕ್ಸಲ್ ಸೇರಿಲ್ಲ, ಡ್ಯಾಶ್‌ಬೋರ್ಡಿನ ದೀಪ ಹತ್ತಿದ್ದರೂ ಸರಿಯೇ. ಸದಾ ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ವಾಹನದಲ್ಲಿ ನಡುವಿನ ಡಿಫರೆನ್ಷಿಯಲ್ ಲಾಕನ್ನು ಹಾಕಿ ಇದೇ ಪರೀಕ್ಷೆ ಮಾಡಬಹುದು. ಲೋ ರೇಂಜ್, ಅಂದರೆ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರುಗಳ ಸಾಲು, ಹಾಕುವುದು ಸಾಮಾನ್ಯವಾಗಿ ವಾಹನ ನಿಂತಿರುವಾಗ. ವರ್ಷಗಟ್ಟಲೆ ಮುಟ್ಟದ ಲಿವರ್ ಬಿಗಿದುಕೊಂಡಿರುವುದು ಹಳೆಯ ವಾಹನಗಳಲ್ಲಿ ಪದೇ ಪದೇ ಕಾಣುವ ದೋಷ. ಹಾಕಿದ ಮೇಲೆ ಆಕ್ಸಿಲರೇಟರ್ ಒತ್ತಿ ಬಿಡುವಾಗ ಅದು ಹೊರಗೆ ಜಿಗಿಯಬಾರದು. ಮುಖ್ಯ ಗೇರುಗಳನ್ನೂ ಒಂದೊಂದಾಗಿ ಹೀಗೆಯೇ, ಕೈಯನ್ನು ಲಿವರಿನಿಂದ ತೆಗೆದು, ಪರೀಕ್ಷಿಸಿ.

ಸಮತಟ್ಟಾದ ನೆಲದಲ್ಲಿ ಎಂಜಿನ್ ಆರಿಸಿ, ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಆಕ್ಸಲುಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟುಗಳನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ ನೋಡಿ. ಹ್ಯಾಂಡ್‌ಬ್ರೇಕು ಚಕ್ರಗಳಿಗಲ್ಲದೆ ಟ್ರಾನ್ಸ್‌ಫರ್ ಕೇಸಿನ ಶಾಫ್ಟಿಗೇ ಹಿಡಿಯುವ ಹಳೆಯ ಡಿಫೆಂಡರಿನಂಥ ವಾಹನಗಳಲ್ಲಿ ಅದನ್ನೂ ಸಡಿಲಿಸಬೇಕಾಗುತ್ತದೆ, ಆದ್ದರಿಂದ ಅಡೆ ಭದ್ರವಾಗಿರಲಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟಿನ ಕ್ರಾಸ್ ಅಲುಗಾಡುವುದು ಕಣ್ಣಿಗೆ ಕಂಡರೆ ಅದು ಸಣ್ಣ ಖರ್ಚು, ಡಿಫರೆನ್ಷಿಯಲಿನೊಳಗಿನಿಂದ ಟಕ್ಕೆಂಬ ಸದ್ದಿನೊಂದಿಗೆ ಬಹಳಷ್ಟು ಆಟ ಬಂದರೆ ದೊಡ್ಡ ಖರ್ಚು. ಮುಂದೆ ಇಡಿಯ ಆಕ್ಸಲ್ (ಎರಡು ಚಕ್ರಗಳನ್ನೂ ಒಂದೇ ದೂಲದಂತೆ ಜೋಡಿಸುವಂಥದು) ಇರುವ ಟೊಯೋಟಾ ಲ್ಯಾಂಡ್ ಕ್ರೂಸರಿನ ಕೆಲವು ಮಾದರಿಗಳಂಥ ವಾಹನಗಳಲ್ಲಿ ಚಕ್ರದ ಹಿಂದಿನ ಗೋಳಾಕಾರದ ಕೀಲನ್ನು (ಸ್ಟೀರಿಂಗ್ ನಕಲ್) ಪರೀಕ್ಷಿಸಿ. ಒಳಗಿನ ಸೀಲು ಹೋದರೆ ಆಕ್ಸಲಿನ ಎಣ್ಣೆ ಆ ಕೀಲಿನ ಗ್ರೀಸಿನೊಡನೆ ಬೆರೆತು, ತೆಳುವಾಗಿ, ಗೋಳದ ಮೇಲೆಲ್ಲ ಇಳಿಯುತ್ತದೆ. ಸೀಲುಗಳ ಬೆಲೆ ಹೆಚ್ಚಲ್ಲ, ಕೂಲಿ ಹೆಚ್ಚು. ಗೋಳದ ಮೇಲ್ಮೈಯೇ ತುಕ್ಕಿನಿಂದ ಕುಳಿಬಿದ್ದಿದ್ದರೆ ಹೊಸ ಸೀಲೂ ಬಾಳುವುದಿಲ್ಲ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸುವಾಗ ಮುಂದಿನಿಂದ ಟಕಟಕ ಸದ್ದು ಬಂದರೆ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟು ಸವೆದಿದೆ.

ಇನ್ನು ಲಿಫ್ಟ್ ಕಿಟ್. ಎತ್ತರಿಸಿದ ವಾಹನದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರು ಹೊಸದಾಗಿರುವುದನ್ನು ಎಲ್ಲರೂ ನೋಡುತ್ತಾರೆ, ಎತ್ತರದ ಜೊತೆಗೆ ಬದಲಿಸಬೇಕಾದ ಉಳಿದವನ್ನು ಬದಲಿಸಿದ್ದಾರೆಯೇ ಎಂದು ನೋಡುವವರು ಕಡಿಮೆ. ಬ್ರೇಕಿನ ರಬ್ಬರ್ ಹೋಸುಗಳು ಆಕ್ಸಲ್ ಪೂರ್ತಿ ಕೆಳಗಿಳಿದಾಗಲೂ ಎಳೆಯದಷ್ಟು ಉದ್ದವಿರಬೇಕು. ಹಿಂದಿನ ಬ್ರೇಕಿಗೆ ಭಾರಕ್ಕೆ ತಕ್ಕಂತೆ ಒತ್ತಡ ಕೊಡುವ ವಾಲ್ವಿದ್ದರೆ ಎತ್ತರಿಸಿದ ಮೇಲೆ ಅದನ್ನು ಹೊಂದಿಸಿರಬೇಕು, ಇಲ್ಲದಿದ್ದರೆ ಅದು ವಾಹನ ಖಾಲಿಯಿದೆಯೆಂದೇ ತಿಳಿದು ಬ್ರೇಕನ್ನು ತಗ್ಗಿಸುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿದರೆ ವೇಗದಲ್ಲಿ ನಡುಕ ಬರುತ್ತದೆ. ಇಡಿಯ ಆಕ್ಸಲಿನಲ್ಲಿ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಪ್ರಮಾಣ) ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ನೇರ ರಸ್ತೆಯಲ್ಲೂ ವಾಹನ ಅಲೆಯುತ್ತದೆ. ಜೀಪ್ ರ‍್ಯಾಂಗ್ಲರ್, ಸುಜುಕಿ ಜಿಮ್ನಿಗಳಂತೆ ಕಾಯಿಲ್ ಸ್ಪ್ರಿಂಗಿನ ಮೇಲೆ ಇಡಿಯ ಮುಂದಿನ ಆಕ್ಸಲ್ ಇರುವ ವಾಹನಗಳಲ್ಲಿ ಆಕ್ಸಲ್ ಪಕ್ಕಕ್ಕೆ ಜರುಗದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಬುಷ್, ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ ಸವೆದಿದ್ದರೆ ಒಂದು ವೇಗದಲ್ಲಿ ಹಳ್ಳಕ್ಕೆ ತಾಗಿದೊಡನೆ ಸ್ಟೀರಿಂಗ್ ಕೈಯಲ್ಲಿ ನಿಲ್ಲದಂತೆ ಅದುರತೊಡಗುತ್ತದೆ. ಸ್ಟೀರಿಂಗ್ ಡ್ಯಾಂಪರ್ ಮಾತ್ರ ಹೊಚ್ಚಹೊಸದಾಗಿದ್ದರೆ ಈ ಅದುರುವಿಕೆಯನ್ನು ಮುಚ್ಚಿಡಲು ಹಾಕಿದ್ದಿರಬಹುದು. ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬೇರಿಂಗು ಮತ್ತು ಕಿಂಗ್‌ಪಿನ್ನಿನ ಆಟ, ಎಡಬಲಕ್ಕೆ ಹಿಡಿದು ಅಲುಗಿಸಿದರೆ ಟೈ ರಾಡಿನ ತುದಿಗಳ ಆಟ ಗೊತ್ತಾಗುತ್ತದೆ.

ದೊಡ್ಡ ಟೈರುಗಳು ಓಡೋಮೀಟರನ್ನು ಸುಳ್ಳಾಗಿಸುತ್ತವೆ. ವ್ಯಾಸ 10 ಶೇಕಡಾ ಹೆಚ್ಚಿದ್ದರೆ ವಾಹನ 110 ಕಿ.ಮೀ. ಓಡಿದಾಗ ಮೀಟರು 100 ತೋರಿಸುತ್ತದೆ. ಡಿಫರೆನ್ಷಿಯಲಿನ ಗೇರು ಅನುಪಾತ ಬದಲಿಸಿಲ್ಲವಾದರೆ ಕ್ಲಚ್ಚಿಗೂ ಎಂಜಿನ್ನಿಗೂ ಹೊರೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ, 2418 ಎಂದಿದ್ದರೆ 2018ರ 24ನೆಯ ವಾರದಲ್ಲಿ ತಯಾರಾದದ್ದು. ಮೇಲಿನ ತೋಡುಗಳು ಆಳವಾಗಿರುವ ಹಳೆಯ ಟೈರನ್ನು ಹೊಸದೆಂದು ಹೇಳುವುದು ಸುಲಭ, ಆದ್ದರಿಂದ ಅಂಕಿ ಓದಿರಿ. ಐದೂ ಟೈರುಗಳು ಒಂದೇ ಅಳತೆಯವಾಗಿರಲಿ.

ಬ್ರೇಕಿನ ಲೋಹದ ಪೈಪುಗಳು ತುಕ್ಕು ಹಿಡಿದಿದ್ದರೆ ಓಡಿಸಿಯೇ ನೋಡಬೇಡಿ. ವಿಂಚಿಗೂ ಹೆಚ್ಚುವರಿ ದೀಪಗಳಿಗೂ ಎಳೆದ ವೈರುಗಳಿಗೆ ಫ್ಯೂಸ್ ಇದೆಯೇ, ಲೋಹದ ಅಂಚಿಗೆ ಉಜ್ಜುತ್ತಿವೆಯೇ ಎಂದು ನೋಡಿ. ಚಾಸಿಯ ಮೇಲೆ ಕೊರೆದ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ದಾಖಲೆಗಳಲ್ಲಿರುವ ಆಯಾ ಸಂಖ್ಯೆಗಳಿಗೆ ಹೊಂದಬೇಕು. ಸಂಖ್ಯೆಯ ಸುತ್ತ ಉಜ್ಜಿದ ಅಥವಾ ವೆಲ್ಡ್ ಮಾಡಿದ ಗುರುತಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಎಂಜಿನ್ ಬದಲಿಸಿದ್ದರೆ, ಎತ್ತರ ಹೆಚ್ಚಿಸಿದ್ದರೆ ಅವು ನಿಮ್ಮ ಕಡೆಯ ನೋಂದಣಿ ಮತ್ತು ವಿಮೆಯ ನಿಯಮಗಳಿಗೆ ಒಳಪಟ್ಟಿವೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ. ಬಿಡಿಭಾಗಗಳ ವಿಚಾರದಲ್ಲಿ ಫಿಲ್ಟರು, ಬ್ರೇಕ್ ಪ್ಯಾಡು ಸಿಗುತ್ತವೆಯೇ ಎಂದು ಕೇಳಿ ಪ್ರಯೋಜನವಿಲ್ಲ, ಅವು ಸಿಕ್ಕೇ ಸಿಗುತ್ತವೆ. ಟ್ರಾನ್ಸ್‌ಫರ್ ಕೇಸಿನ ಗೇರು, ಮುಂದಿನ ಡಿಫರೆನ್ಷಿಯಲಿನ ಕ್ರೌನ್ ವೀಲು, ಇಂಜೆಕ್ಷನ್ ಪಂಪು ಸಿಗುತ್ತವೆಯೇ ಎಂದು ಕೇಳಿ.

ನಿಮ್ಮ ವಾಹನದ ಮಟ್ಟಿಗೆ ನನ್ನ ಸಲಹೆ ಹೀಗಿದೆ. ಚಾಸಿ ಗಟ್ಟಿಯಿದ್ದು, ಎಣ್ಣೆಗಳಲ್ಲಿ ನೀರಿಲ್ಲದೆ, ಫೋರ್ ವೀಲ್ ಮತ್ತು ಲೋ ರೇಂಜ್ ಸರಿಯಾಗಿ ಸೇರುತ್ತಿದ್ದರೆ ಉಳಿದ ದೋಷಗಳನ್ನು ಬೆಲೆಯಲ್ಲಿ ಇಳಿಸಿಕೊಂಡು ಕೊಳ್ಳಬಹುದು. ಲಿಫ್ಟ್ ಮತ್ತು ಟೈರುಗಳಿಗೆಂದು ಹೆಚ್ಚುವರಿ ಬೆಲೆ ಕೊಡಬೇಡಿ. ಕಪ್ಪು ಲೇಪನದ ಕೆಳಗಿನ ಚಾಸಿಯನ್ನು ತಟ್ಟಿ ನೋಡಲು ಬಿಡದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಬೇರೆ ವಾಹನ ಹುಡುಕಿ. ಕೊಂಡದ್ದೇ ಆದರೆ ಮೊದಲ ದೂರಪ್ರಯಾಣಕ್ಕೆ ಮುಂಚೆ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲುಗಳು ಹೀಗೆ ಐದೂ ಕಡೆಯ ಎಣ್ಣೆಗಳನ್ನು ಬದಲಿಸಿ, ಇಳಿಸಿದ ಎಣ್ಣೆಯನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹಿಡಿದು ನೋಡಿ. ಆಯಸ್ಕಾಂತವಿರುವ ಡ್ರೇನ್ ಪ್ಲಗ್ಗಿಗೆ ಬೂದು ಬಣ್ಣದ ನುಣುಪಾದ ಲೇಪ ಅಂಟಿದ್ದರೆ ಅದು ಸಹಜ ಸವೆತ. ಉಗುರಿಗೆ ಸಿಗುವಂಥ ಉಕ್ಕಿನ ಚೂರುಗಳಿದ್ದರೆ ಹೊಸ ಎಣ್ಣೆ ತುಂಬುವ ಮೊದಲು ಆ ಭಾಗವನ್ನು ಬಿಚ್ಚಿಸಿ.